ಸ್ಪಿಟಲ್‌ಫೀಲ್ಡ್ಸ್‌ನ ಸಾವ್ಕಾರ್ರ ಮನೆ

ಅಕ್ಕನ ಮನೆಗೆ ಅಂತ ನಾನು, ಅಮ್ಮ ಲಂಡನ್ನಿಗೆ ಹೋಗಿದ್ವಿ. ಎಲ್ಲರೂ ನೋಡೋ ಜಾಗ ಎಲ್ಲ ಮುಗೀತು, ವಾಪಸ್ ಹೊರಡೋಕೆ ಎರಡೇ ದಿನ ಇತ್ತು, ಆಗ ನಾನು ಹಠ ಹಿಡಿದು ಅಮ್ಮನ್ನ ಪೂರ್ವ ಲಂಡನ್ನಿನ ಹಳೇ ನೇಕಾರರ ಪೇಟೆ ಸ್ಪಿಟಲ್‌ಫೀಲ್ಡ್ಸ್‌ಗೆ ಕರ್ಕೊಂಡು ಹೋದೆ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಲ್ಲಿ ಇಳಿದು ಸ್ವಲ್ಪ ನಡೆದ್ರೆ ಆರ್ಟಿಲರಿ ಲೇನ್, ಚಿಕ್ಕಪೇಟೆ ಸಂದಿ ಥರ ಇಕ್ಕಟ್ಟು, ಅಲ್ಲೇ 56ನೇ ನಂಬರ್ ಮನೆ, ಕೆಳಗೆ ಅಂಗಡಿ, ಮೇಲೆ ವಾಸ.

ಈ ಮನೆಗೂ ಪಕ್ಕದ 58ಕ್ಕೂ ಈಗಿನ ರೂಪ ಬಂದಿದ್ದು 1750ರ ದಶಕದಲ್ಲಿ. ಕಟ್ಟಿಸ್ಕೊಂಡೋರು ರೇಷ್ಮೆ ವ್ಯಾಪಾರಿಗಳು, ಹ್ಯೂಗನಾಟ್ ಜನ, ಅಂದ್ರೆ ಫ್ರಾನ್ಸಿನ ಪ್ರೊಟೆಸ್ಟೆಂಟರು. 1685ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿ ಪ್ರೊಟೆಸ್ಟೆಂಟರಿಗಿದ್ದ ಹಕ್ಕು ಕಿತ್ಕೊಂಡ ಮೇಲೆ ಸಾವಿರಾರು ಜನ ಊರು ಬಿಟ್ಟು ಮಗ್ಗದ ವಿದ್ಯೆ ಹೊತ್ಕೊಂಡು ಇಲ್ಲಿಗೆ ಬಂದ್ರು, ಇವರು ಆ ಸಮುದಾಯದವರು.

ಅಂಗಡಿ ಮುಂಭಾಗ ನೋಡಿ ನಾನು ಅಲ್ಲೇ ನಿಂತ್ಬಿಟ್ಟೆ. ಮೇಲೆಲ್ಲ ಇಟ್ಟಿಗೆ ಗೋಡೆ, ಕೆಳಗೆ ಪೂರ್ತಿ ಮರದ ಕೆಲಸ, ಹಳೇ ಗ್ರೀಕ್ ದೇವಸ್ಥಾನದ ಥರದ ಡೋರಿಕ್ ಕಂಬಗಳು, ಅಂಗಡಿ ಬಾಗಿಲಿನ ಎರಡೂ ಕಡೆ ಬೀದಿಗೆ ಚೂರು ಉಬ್ಬಿ ಬಂದಿರೋ ಕಿಟಕಿ, ಆಗಿನ ಕಾಲಕ್ಕೆ ದೊಡ್ಡ ಗಾಜು ಮಾಡೋಕೆ ಕಷ್ಟ ಇತ್ತಲ್ಲ ಅದಕ್ಕೆ ಸಣ್ಣ ಸಣ್ಣ ಗಾಜು ಜೋಡಿಸಿದಾರೆ. ಪಕ್ಕದಲ್ಲೇ ಮನೆಯವರಿಗೆ ಬೇರೆ ಬಾಗಿಲು, ಅದರ ನೆತ್ತಿ ಮೇಲೆ ಬಳ್ಳಿ ಥರ ಸುರುಳಿ ಸುರುಳಿ ಇರೋ ರೊಕೊಕೊ ಶೈಲಿಯ ಕೆತ್ತನೆ. ಲಂಡನ್ನಲ್ಲಿ ಉಳಿದಿರೋ ಜಾರ್ಜಿಯನ್ ಕಾಲದ (1714ರಿಂದ 1830ರ ನಡುವಿನ) ಅಂಗಡಿಗಳಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ ಅಂತಾರೆ, ನಾನೂ ಒಪ್ತೀನಿ. ಗ್ರೇಡ್ 1 ಲಿಸ್ಟೆಡ್, ಅಂದ್ರೆ ಇಂಗ್ಲೆಂಡಲ್ಲಿ ಕಾಪಾಡ್ಬೇಕು ಅಂತ ಸರ್ಕಾರ ಪಟ್ಟಿ ಮಾಡಿರೋ ಕಟ್ಟಡಗಳಲ್ಲಿ ನೂರಕ್ಕೆ ಎರಡೂವರೆಯಷ್ಟಕ್ಕೆ ಮಾತ್ರ ಸಿಗೋ ದರ್ಜೆ, ಓನರ್ ಆದ್ರೂ ಪರ್ಮಿಷನ್ ಇಲ್ದೆ ಬದಲಾಯಿಸೋ ಹಾಗಿಲ್ಲ.

ಅಮ್ಮ ಮಾತ್ರ ಆ ಎರಡು ಬಾಗಿಲನ್ನೇ ನೋಡ್ತಾ ಇದ್ರು. ನಮ್ಮದು ದೊಡ್ಡಬಳ್ಳಾಪುರ, ತಾತಂದು ಕೈಮಗ್ಗ. "ಸೀರೆ ಕೊಡೋಕೆ ಹೋದಾಗೆಲ್ಲ ನಿಮ್ ತಾತ ಸಾವ್ಕಾರ್ರ ಜಗಲೀಲೇ ನಿಂತಿರೋರು, ಒಳಬಾಗ್ಲು ದಾಟಿದ್ದೇ ಇಲ್ಲ" ಅಂದ್ರು. ನಂಗೆ ಅಲ್ಲಿವರೆಗೂ ಆ ಎರಡು ಬಾಗಿಲು ಬರೀ ಡಿಸೈನ್ ಆಗಿತ್ತು.

ಈಗ ಒಳಗೆ ರೇವನ್ ರೋ ಅಂತ ಆರ್ಟ್ ಗ್ಯಾಲರಿ ಇದೆ, 2009ರಿಂದ. ನಡುವೆ 1972ರಲ್ಲಿ ಬೆಂಕಿ ಬಿದ್ದು ತುಂಬಾ ಹಾಳಾಗಿತ್ತಂತೆ. ಒಂದು ರೂಮಿನ ಮರದ ಕೆತ್ತನೆ ಶಿಕಾಗೋ ಮ್ಯೂಸಿಯಂವರೆಗೂ ಹೋಗಿ ಮತ್ತೆ ವಾಪಸ್ ಬಂದು ತನ್ನ ಗೋಡೆಗೇ ಸೇರಿದೆ, ಅದನ್ನ ಕೇಳಿ ಎಷ್ಟು ಖುಷಿ ಆಯ್ತು ಗೊತ್ತಾ.

ಆಮೇಲೆ ಹಾಗೇ ನಡ್ಕೊಂಡು ಫೌರ್ನಿಯರ್ ಸ್ಟ್ರೀಟಿಗೆ ಹೋದ್ವಿ. ಅಲ್ಲಿ ಮನೆಗಳ ಅಟ್ಟದಲ್ಲಿ ಗೋಡೆ ಉದ್ದಕ್ಕೂ ಅಗಲವಾದ ಕಿಟಕಿ, ಮಗ್ಗದ ಮೇಲೆ ಬೆಳಕು ಬೀಳ್ಲಿ ಅಂತ ಮಾಡಿದ್ದು. ನೇಕಾರರು ಕೂರ್ತಿದ್ದಿದ್ದು ಅಲ್ಲಿ. ಅಮ್ಮ ಕತ್ತೆತ್ತಿ ನೋಡಿ, "ಒಳ್ಳೆ ಬೆಳಕು ಕಣೆ, ಅಲ್ಲಿ ಕೂತ್ಕೊಂಡಿದ್ರೆ ಸಂಜೆ ಆರಾದ್ರೂ ನೂಲಿನ ಕಂಡಿಕೆ ಸುತ್ತಬಹುದಿತ್ತು" ಅಂದ್ರು.