ಕೋಟೆ ಹೈಸ್ಕೂಲಿನ ಹಿಸ್ಟರಿ ಮೇಷ್ಟ್ರು

ಹಿಸ್ಟರಿ ಮೇಷ್ಟ್ರು ಹೋದರು ಅನ್ನುವ ಸುದ್ದಿ ಬಂದ ದಿನ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ 'ಓಂ ಶಾಂತಿ'ಗಿಂತ ಜಾಸ್ತಿ ಬಂದದ್ದು ಬೈಗುಳಗಳು. ಅರವತ್ತು ದಾಟಿದವರೆಲ್ಲ ಅವರಿಂದ ತಿಂದ ಬೈಗುಳವನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡರು.

ಬೆಂಗಳೂರಿನ ಕೋಟೆ ಪ್ರದೇಶದಲ್ಲಿರುವ ನಮ್ಮ ಶಾಲೆ 1907ರದ್ದು. ಉದ್ದನೆಯ ವರಾಂಡ, ಎತ್ತರದ ಕಿಟಕಿ, ಪಕ್ಕದಲ್ಲೇ ಮೈದಾನ. ಆದರೆ ಶಾಲೆಯ ಚರಿತ್ರೆಯನ್ನು 1907ರಿಂದ ಶುರು ಮಾಡಿದರೆ ಮೇಷ್ಟ್ರಿಗೆ ಸಿಟ್ಟು. "ಕಟ್ಟಡ ಆಮೇಲೆ ಕಣಯ್ಯ, ನೆಲ ಮೊದಲು" ಅನ್ನುತ್ತಿದ್ದರು. ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಎಲ್ಲಿಂದ ಎಲ್ಲಿಗಿತ್ತು ಅಂತ ಬೋರ್ಡಿನ ಮೇಲೆ ಮೊಟ್ಟೆಯ ಹಾಗೆ ಒಂದು ಗೆರೆ ಎಳೆದು, ಅದರೊಳಗೆ ವಿಕ್ಟೋರಿಯಾ ಆಸ್ಪತ್ರೆ, ವಾಣಿವಿಲಾಸ ಹೆರಿಗೆ ಆಸ್ಪತ್ರೆ, ವೆಂಕಟರಮಣ ಸ್ವಾಮಿ ದೇವಸ್ಥಾನ ಎಲ್ಲವನ್ನೂ ಕೂರಿಸುತ್ತಿದ್ದರು. "ನೀನು ಹುಟ್ಟಿದ್ದು ವಾಣಿವಿಲಾಸದಲ್ಲಿ ಅಲ್ವಾ? ಹಾಗಾದರೆ ನೀನು ಕೋಟೆಯೊಳಗೆ ಹುಟ್ಟಿದವನು." ಅವತ್ತು ಆ ಹುಡುಗ ಎದೆ ಉಬ್ಬಿಸಿಕೊಂಡೇ ಮನೆಗೆ ಹೋದ.

ಪಠ್ಯಪುಸ್ತಕದಲ್ಲಿ ಏನಿತ್ತೋ ಒಂದೂ ನೆನಪಿಲ್ಲ. 1791ರ ಮಾರ್ಚ್ 21ರ ರಾತ್ರಿ ಮಾತ್ರ ನಾನೇ ನೋಡಿದಷ್ಟು ನೆನಪಿದೆ. ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ಟಿಪ್ಪುವಿನ ಈ ಕೋಟೆಯ ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಈಗಲೂ ಒಂದು ಕಲ್ಲು ಫಲಕ ಇದೆ. ಬಸ್ಸಿನ ಗಲಾಟೆಯ ನಡುವೆ ನಮ್ಮನ್ನು ಅದರ ಮುಂದೆ ನಿಲ್ಲಿಸಿ, ಕೋಟೆ ಕಾಯುತ್ತಿದ್ದ ಮುದುಕ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತದ್ದನ್ನು ಹೇಳುವಾಗ ಮೇಷ್ಟ್ರ ಗಂಟಲು ಕಟ್ಟುತ್ತಿತ್ತು. ಮರುಕ್ಷಣವೇ, "ಈ ಕಾರ್ನ್‌ವಾಲಿಸ್ ಹತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಸೋತು ಶರಣಾಗಿದ್ದವನು, ಗೊತ್ತೇನ್ರೋ?" ಅಂತ ನಗು.

ಇನ್ನು ನನ್ನ ಕಿತಾಪತಿ. ಟಿಪ್ಪು ಅರಮನೆ ಶಾಲೆಗೆ ಹತ್ತಿರ. ಮಧ್ಯಾಹ್ನದ ಬಿಡುವಿನಲ್ಲಿ ನಾನು, ಇನ್ನಿಬ್ಬರು ಅಲ್ಲಿ ಗೈಡುಗಳಾದೆವು. ಹರಕು ಇಂಗ್ಲಿಷು, ಜೋರು ದನಿ. ಮರದ ಕಂಬ ತೋರಿಸಿ, ಇದರಡಿಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ, ಟಿಪ್ಪು ಕುದುರೆ ಮೇಲೆ ಒಂದೇ ರಾತ್ರಿಯಲ್ಲಿ ಹೋಗಿಬರುತ್ತಿದ್ದ ಅಂತ ಬಿಟ್ಟೆ. ಒಂದಿಷ್ಟು ಚಿಲ್ಲರೆ ಸಿಕ್ಕಿತು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಪ್ರಶ್ನೆ: "ಎಕ್ಸ್‌ಕ್ಯೂಸ್ ಮಿ ಗೈಡ್, ಕುದುರೆಗೆ ಒಳಗೆ ಗಾಳಿ ಎಲ್ಲಿಂದ?" ಮೇಷ್ಟ್ರು!

ಹೊಡೆಯಲಿಲ್ಲ. ಮಾರನೇ ದಿನ ಅದೇ ಭಾಷಣವನ್ನು ಕ್ಲಾಸಿನ ಮುಂದೆ ಮಾಡಿಸಿದರು. ನಾನು ಸುಳ್ಳು ಹೇಳಿದಲ್ಲೆಲ್ಲ ಮೇಜು ಕುಟ್ಟಿ ನಿಜ ಹೇಳಿದರು. ಅರಮನೆಗೆ ಹೈದರ್ ಪಾಯ ಹಾಕಿಸಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟುವ ತನಕ ಸರ್ಕಾರದ ಕಚೇರಿ ಅಲ್ಲೇ ಇದ್ದದ್ದು. ನನಗೆ 'ಸುರಂಗ' ಅಂತ ಹೆಸರು ಬಿತ್ತು. ಬ್ಯಾಂಕಿನಲ್ಲಿ ಮ್ಯಾನೇಜರ್ ಆದಮೇಲೂ ಗೆಳೆಯರಿಗೆ ನಾನು ಸುರಂಗನೇ.

ರಿಟೈರ್ ಆದಮೇಲೆ ಭಾನುವಾರ ನಾನೇ ಜನರನ್ನು ಕರೆದುಕೊಂಡು ಕೋಟೆ ಸುತ್ತಿಸುತ್ತೇನೆ. ಕೋಟೆಯ ದಿಲ್ಲಿ ಬಾಗಿಲಿನ ಒಳಗಿನ ಗಣೇಶನನ್ನು ನನ್ನ ಹಾಗೆ ಯಾರೂ ತೋರಿಸುವುದಿಲ್ಲ ಅಂತ ಜನ ಹೇಳುತ್ತಾರೆ. ಹೇಳಿಸಿಕೊಳ್ಳೋಕೆ ನನಗೂ ಇಷ್ಟ, ಸುಳ್ಳೇಕೆ?

ನನ್ನ ಮೊಮ್ಮಗಳಿಗೆ ಸಮಾಜ ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತೆಂಟು. ಕೋಟೆ ಎಲ್ಲಿದೆ ಅಂದರೆ ಫೋನ್ ತೆಗೆಯುತ್ತಾಳೆ. ತಪ್ಪು ಅವಳದ್ದಲ್ಲ. ಮಕ್ಕಳನ್ನು ಗೇಟಿನಾಚೆ ಕರೆದೊಯ್ಯಬೇಕಾದರೆ ಈಗ ಮೇಷ್ಟ್ರುಗಳು ಒಪ್ಪಿಗೆ ಪತ್ರ, ಬಸ್ಸು, ಫೋಟೋ, ವರದಿ ಅಂತ ಎಷ್ಟು ಓಡಾಡಬೇಕು! ನಮ್ಮವರು ಸುಮ್ನೆ "ಏಳ್ರೋ" ಅನ್ನುತ್ತಿದ್ದರು. ಈ ವರ್ಷ ಒಂಬತ್ತನೇ ತರಗತಿಯವರನ್ನು ಒಂದು ಶನಿವಾರ ನನ್ನ ಜೊತೆ ಕಳಿಸಿ ಅಂತ ಹೆಡ್‌ಮಾಸ್ಟರಿಗೆ ಪತ್ರ ಕೊಟ್ಟಿದ್ದೇನೆ. ನಡೆದೇ ಹೋಗುವುದು, ಬಸ್ಸು ಬೇಡ ಅಂತಲೂ ಬರೆದಿದ್ದೇನೆ.