ಶೆಟ್ಟಿಹಳ್ಳಿ ಚರ್ಚಿಗೆ ಹೊರಡುವ ಮುನ್ನ ಹೇಮಾವತಿ ನೀರಿನ ಮಟ್ಟ ನೋಡಿ

ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಪಾಳುಬಿದ್ದ ರೋಸರಿ ಚರ್ಚು ಇರುವುದು ಹೇಮಾವತಿ ಹೊಳೆಯ ಅಣೆಕಟ್ಟೆಯ ಹಿನ್ನೀರಿನಲ್ಲಿ. ಅಲ್ಲಿಗೆ ಯಾವಾಗ ಹೋಗಬೇಕು ಅನ್ನೋದನ್ನು ಹೇಮಾವತಿಯೇ ತೀರ್ಮಾನಿಸುತ್ತದೆ. ಪೇಪರಿನಲ್ಲಿ ದಿನಾ ಬರುವ ಜಲಾಶಯದ ಮಟ್ಟ ನೋಡಿ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿರುವ ಈ ಅಣೆಕಟ್ಟೆಯ ಪೂರ್ತಿ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ನೀರು ಅದರ ಹತ್ತಿರ ಇದ್ದರೆ ಚರ್ಚು ಅರ್ಧ ಮುಳುಗಿರುತ್ತದೆ, ದಡದಲ್ಲಿ ನಿಂತೇ ನೋಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆಯ ಬುಡದವರೆಗೂ ನಡೆದು ಹೋಗಬಹುದು. ಎಲ್ಲರೂ ಹಂಚಿಕೊಳ್ಳುವುದು ಮುಳುಗಿದ ಚರ್ಚಿನ ಫೋಟೊವನ್ನೇ. ಆದರೂ ಒಂದೇ ಸಲ ಹೋಗುವವರಿದ್ದರೆ ಬೇಸಿಗೆಯಲ್ಲೇ ಹೋಗಿ.

ಯಾಕೆಂದರೆ ಆಗ ಕಟ್ಟಡ ಹೇಗೆ ಕಟ್ಟಿದ್ದಾರೆ ಅಂತ ಕಾಣುತ್ತದೆ. ಚಾವಣಿ ಇಲ್ಲ. ಸುಣ್ಣದ ಗಾರೆ ಕಳಚಿದ ಕಡೆ ಇಟ್ಟಿಗೆ ಎದ್ದು ಕಾಣುತ್ತದೆ. ಚೂಪು ತುದಿಯ ಕಮಾನುಗಳಲ್ಲಿ ಒಂದೊಂದು ಇಟ್ಟಿಗೆಯನ್ನೂ ಓರೆಯಾಗಿ ಕೂರಿಸಿದ ರೀತಿ ನೋಡಿ ತುಂಬಾ ಹೊತ್ತು ಅಲ್ಲೇ ನಿಂತಿದ್ದೆ. ನೀರು ಏರಿ ಇಳಿದ ಗುರುತು ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಉಳಿದಿದೆ. ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರು ಅಂತ ಸುತ್ತಮುತ್ತಲಿನ ಜನ ಹೇಳುತ್ತಾರೆ.

ಇದನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿಗಳು, 1860ರ ದಶಕದಲ್ಲಿ. ಅವರಿಗಿಂತ ಮೊದಲೇ ಈ ಸೀಮೆಯಲ್ಲಿ ಅಬ್ಬೆ ದುಬ್ವಾ ಅನ್ನುವ ಫ್ರೆಂಚ್ ಪಾದ್ರಿ ಓಡಾಡಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ರೈತ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು, ಸಿಡುಬಿಗೆ ಚುಚ್ಚುಮದ್ದು ಹಾಕಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆಯುತ್ತಿದ್ದರು. ಶೆಟ್ಟಿಹಳ್ಳಿಯ ಚರ್ಚು ಅಂಥ ಒಕ್ಕಲು ಮಕ್ಕಳ ಚರ್ಚು. ಸುಮ್ನೆ ಒಂದು ಪಾಳುಬಿದ್ದ ಕಟ್ಟಡ ಅಂದುಕೊಂಡು ಹೋಗಬೇಡಿ. ಮದುವೆ, ನಾಮಕರಣ, ಸಾವು ಎಲ್ಲಕ್ಕೂ ಊರು ಸೇರುತ್ತಿದ್ದ ಜಾಗ ಇದು. 1979ರಲ್ಲಿ ಅಣೆಕಟ್ಟೆ ಮುಗಿಯಿತು. ಹಿನ್ನೀರು ಬಂತು, ಜನ ಮನೆ ಹೊಲ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ಚರ್ಚು ಮಾತ್ರ ಅಲ್ಲೇ ಉಳಿಯಿತು.

ಹಾಸನದಿಂದ ಸುಮಾರು 20 ಕಿಲೋಮೀಟರ್. ಬೈಕೋ ಕಾರೋ ಇದ್ದರೆ ಅನುಕೂಲ. ನೀರು, ತಿಂಡಿ ಹಾಸನದಲ್ಲೇ ಕಟ್ಟಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ನೀರು ಈಗಷ್ಟೇ ಇಳಿದ ಜಾಗದಲ್ಲಿ ಕೆಸರು ಮೇಲೆ ಮಾತ್ರ ಒಣಗಿರುತ್ತದೆ, ಕಾಲಿಟ್ಟರೆ ಹೂತುಕೊಳ್ಳುತ್ತದೆ. ಗಾಡಿಯನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ. ಮಕ್ಕಳನ್ನು ನೀರಿಗೆ ಬಿಡಬೇಡಿ.

ಗೋಡೆ ಹತ್ತಬೇಡಿ. ವರ್ಷಾ ವರ್ಷಾ ನೆನೆದು ಒಣಗಿ ಇಟ್ಟಿಗೆ ಸಡಿಲವಾಗಿದೆ, ಅಲ್ಲಲ್ಲಿ ಉದುರಿದೆ. ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದೂ ಬೇಡ. ಗೋಡೆ ಮೇಲೆ ಹೆಸರು ಕೆತ್ತಿದವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಬೇರೆ ಊರಿನವರು ನಮ್ಮ ಗುಡಿ ಗೋಡೆ ಮೇಲೆ ಹಾಗೆ ಗೀಚಿದರೆ ಸುಮ್ಮನಿರುತ್ತೇವಾ?

ಸಮಯ ಇದ್ದರೆ ಅದೇ ದಿನ ಗೊರೂರಿಗೂ ಹೋಗಿ ಬನ್ನಿ. ಅಣೆಕಟ್ಟೆ ನೋಡಿದ ಮೇಲೆ ಶೆಟ್ಟಿಹಳ್ಳಿಗೆ ಬಂದ ನೀರಿನ ಲೆಕ್ಕ ಸರಿಯಾಗಿ ತಿಳಿಯುತ್ತದೆ.