ಚಳಿಗೆ ಮುಷ್ಕರ ಹೂಡಿದ ಟ್ರಾಮ್

ನನ್ನ ಹತ್ತಿರ ಒಂದು ಪುಟಾಣಿ ಟ್ರಾಮ್ ಇದೆ. ಮೆಲ್ಬರ್ನ್‌ನ ಹಳೇ ಡಬ್ಲ್ಯೂ ಕ್ಲಾಸ್. ಹಸಿರು ಮೈ, ಕೆನೆ ಬಣ್ಣದ ಪಟ್ಟಿ, 16 ಸೆಂಟಿಮೀಟರ್ ಉದ್ದ. ಜನವರಿಯಲ್ಲಿ ಚೆನ್ನಾಗಿ ಓಡುತ್ತಿತ್ತು. ಜೂನ್‌ನಲ್ಲಿ ಹಳಿ ಮೇಲಿಟ್ಟು ಕಂಟ್ರೋಲರ್ ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಮೊದಲು ಈ ಟ್ರಾಮ್ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಡಬ್ಲ್ಯೂ ಕ್ಲಾಸ್ ಟ್ರಾಮ್‌ಗಳು ರಸ್ತೆಗೆ ಇಳಿದದ್ದು 1923ರಲ್ಲಿ. ಕೊನೆಯವು ತಯಾರಾದದ್ದು 1956ರಲ್ಲಿ. ಅಷ್ಟರಲ್ಲಿ ಬೇರೆ ಬೇರೆ ನಮೂನೆ ಸೇರಿ ಏಳುನೂರಕ್ಕೂ ಜಾಸ್ತಿ ಆಗಿದ್ದವು. ತುಂಬಾ ಟ್ರಾಮ್‌ಗಳು ತಯಾರಾದದ್ದು ನಮ್ಮ ಮನೆಯ ಹತ್ತಿರವೇ ಇರುವ ಪ್ರೆಸ್ಟನ್ ವರ್ಕ್‌ಶಾಪಿನಲ್ಲಿ. ಈಗಲೂ ನಗರದ ನಡುವೆ ಸುತ್ತು ಹಾಕುವ 35ನೇ ನಂಬರಿನ ಸಿಟಿ ಸರ್ಕಲ್ ರೂಟಿನಲ್ಲಿ ಇವು ಓಡುತ್ತವೆ, ಟಿಕೆಟ್ ಬೇಡ. ಹೋದ ಬೇಸಿಗೆಯಲ್ಲಿ ಅಪ್ಪ ಊರಿಂದ ಬಂದಿದ್ದಾಗ ದಿನಾ ಇದೇ ಕೆಲಸ. ಬೆಳಿಗ್ಗೆ ತಿಂಡಿ ಆದಮೇಲೆ ಬಿಟ್ಟಿ ಟ್ರಾಮ್ ಹತ್ತಿ ಒಂದು ಸುತ್ತು ಹೊಡೆದು ಬರುವುದು. ಮದ್ರಾಸಿನ ಟ್ರಾಮ್ 1953ರಲ್ಲೇ ನಿಂತಿತ್ತು, ಮುಂಬೈಯದ್ದು 1964ರಲ್ಲಿ. ತೀರ್ಥಹಳ್ಳಿಯಲ್ಲಿ ಇಡೀ ಆಯುಷ್ಯ ಕೆಇಬಿ ಲೈನ್‌ಮ್ಯಾನ್ ಆಗಿದ್ದ ಅಪ್ಪ ಟ್ರಾಮ್ ಕಂಡದ್ದು ಇಲ್ಲಿಗೆ ಬಂದಮೇಲೇ. ಒಳಗೆ ಕೂತವರು ಕಿಟಕಿ ನೋಡಿದರೆ ಅಪ್ಪ ಮೇಲಿನ ತಂತಿ ನೋಡುತ್ತಿದ್ದರು. "600 ವೋಲ್ಟ್ ಡಿಸಿ ಅಂತೆ, ಹೀಗೆ ತಲೆ ಮೇಲೆ ಬಿಟ್ಟಿದಾರಲ್ಲ ಮಾರಾಯ್ತಿ" ಅಂತ ಬೆರಗು.

ನನ್ನ ಮಾಡೆಲ್ ಎಚ್‌ಒ ಅಳತೆಯದ್ದು, ಅಂದರೆ ನಿಜದ 87ನೇ ಒಂದು ಭಾಗ. ಹಳಿಗಳ ನಡುವೆ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿ ನೋಡಿ, ಹೆಚ್ಚುಕಮ್ಮಿ 1435 ಮಿಲಿಮೀಟರ್ ಬರುತ್ತದೆ. ಮೆಲ್ಬರ್ನ್ ಟ್ರಾಮ್ ಹಳಿಯ ಅಗಲ ಅಷ್ಟೇ. ಕೋಲ್ಕತ್ತಾದ್ದೂ ಅಷ್ಟೇ. ಈ ಲೆಕ್ಕ ಸರಿಯಾಗಿ ಕೂತಾಗ ನನಗೆ ಆಗುವ ಖುಷಿ ಮನೆಯಲ್ಲಿ ಬೇರೆ ಯಾರಿಗೂ ಅರ್ಥ ಆಗುವುದಿಲ್ಲ, ಬಿಡಿ. ಇದು ಅಂಗಡಿಯ ಮಾಲು ಅಲ್ಲ. ಯಾರೋ ಹವ್ಯಾಸಿ ಕೈಯಾರೆ ಜೋಡಿಸಿ ಬಣ್ಣ ಬಳಿದದ್ದು, ಒಂದು ಪ್ರದರ್ಶನದ ಸೆಕೆಂಡ್ ಹ್ಯಾಂಡ್ ಮೇಜಿನ ಮೇಲೆ ನನಗೆ ಸಿಕ್ಕಿತು. ಅಡಿಯಲ್ಲಿ ಎರಡು ಬೋಗಿಗಳಿವೆ. ಬೋಗಿ ಅಂದರೆ ಇಲ್ಲಿ ರೈಲು ಡಬ್ಬಿ ಅಲ್ಲ, ನಾಲ್ಕು ಚಕ್ರ ಕೂರಿಸಿದ, ತಿರುವಿನಲ್ಲಿ ತಿರುಗುವ ಚೌಕಟ್ಟು. ಒಂದಕ್ಕೆ ಮೋಟಾರು, ಇನ್ನೊಂದು ಸುಮ್ನೆ ಉರುಳುತ್ತದೆ. ಹಳಿಯಿಂದ ಕರೆಂಟು ಎತ್ತಿಕೊಳ್ಳುವುದೂ ಮೋಟಾರಿನ ಬೋಗಿಯ ನಾಲ್ಕು ಚಕ್ರ ಮಾತ್ರ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಟ್ರಾಮ್ ನಿಂತ ಕೂಡಲೇ ಸ್ಕ್ರೂಡ್ರೈವರ್ ಹುಡುಕುವವರೇ ಜಾಸ್ತಿ. ನನಗೆ ಆ ಅವಸರ ಇಲ್ಲ. ಮೊದಲು ಕಿವಿ ಕೊಡಬೇಕು. ಕಂಟ್ರೋಲರ್ ತಿರುಗಿಸಿದಾಗ ಸದ್ದೇ ಇಲ್ಲ ಅಂದರೆ ಕರೆಂಟು ಮೋಟಾರಿನ ತನಕ ಹೋಗುತ್ತಿಲ್ಲ. ಗುಂಯ್ ಅನ್ನುತ್ತದೆ ಆದರೆ ಮೋಟಾರು ತಿರುಗುವುದಿಲ್ಲ ಅಂದರೆ ಎಲ್ಲೋ ಬಿಗಿದಿದೆ. ಮೋಟಾರು ಭರ್ರನೆ ತಿರುಗಿಯೂ ಟ್ರಾಮ್ ನಿಂತಲ್ಲೇ ಇದ್ದರೆ ಗೇರಿನ ಕತೆ ಮುಗಿದಿದೆ. ಮೂರಕ್ಕೂ ಮದ್ದು ಬೇರೆ ಬೇರೆ.

ನನ್ನದು ಮೂಕ.

ಹಾಗಾಗಿ ಹಳಿಯಿಂದ ಶುರು ಮಾಡಿದೆ. ಮಲ್ಟಿಮೀಟರ್ ಇಟ್ಟರೆ 12 ವೋಲ್ಟ್ ಆಸುಪಾಸು ತೋರಿಸಿತು. ಆದರೆ ಇಷ್ಟಕ್ಕೇ ನಂಬಬಾರದು. ಹಳಿ ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಸಡಿಲವಾಗಿದ್ದರೆ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಟ್ರಾಮ್ ಇಟ್ಟ ಕೂಡಲೇ ಎಲ್ಲ ಬಿದ್ದುಹೋಗುತ್ತದೆ. ಮೀಟರ್ ಎಳೆದುಕೊಳ್ಳುವ ಕರೆಂಟು ಏನೇನೂ ಅಲ್ಲ, ಅದಕ್ಕೆ ಹೀಗೆ. ಲೋಡ್ ಹಾಕಿ ನೋಡಬೇಕು. ಕಾರಿನ ನಂಬರ್ ಪ್ಲೇಟ್ ದೀಪದ 5 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ಇಟ್ಟುಕೊಂಡಿದ್ದೇನೆ. ಅಪ್ಪನ ಚೀಲದಲ್ಲಿ ಹೋಲ್ಡರು, ಬಲ್ಬು, ಎರಡು ವೈರಿನ ಟೆಸ್ಟ್ ಲ್ಯಾಂಪ್ ಯಾವಾಗಲೂ ಇರುತ್ತಿತ್ತು, ಅದರ ಮರಿ ಇದು. ಹಳಿಯ ಉದ್ದಕ್ಕೂ ಅದನ್ನು ಮುಟ್ಟಿಸುತ್ತಾ ಹೋದೆ. ಎಲ್ಲ ಕಡೆ ಒಂದೇ ಬೆಳಕು. ಹಳಿಯದು ತಪ್ಪಿಲ್ಲ.

ಆಮೇಲೆ ಟ್ರಾಮನ್ನು ಟವೆಲ್ ಮೇಲೆ ಅಂಗಾತ ಮಲಗಿಸಿ, 9 ವೋಲ್ಟ್ ಬ್ಯಾಟರಿಯ ಎರಡು ವೈರನ್ನು ಮೋಟಾರ್ ಬೋಗಿಯ ಎಡ, ಬಲ ಚಕ್ರಗಳಿಗೆ ಮುಟ್ಟಿಸಿದೆ. ಊಹೂಂ. ಚಕ್ರದ ಹಿಂದೆ ಕೂದಲೆಳೆಯಷ್ಟು ತೆಳ್ಳಗಿನ ಫಾಸ್ಫರ್ ಬ್ರಾಂಜ್ ಪಟ್ಟಿಗಳಿರುತ್ತವೆ. ಚಕ್ರದಿಂದ ಕರೆಂಟು ಹಿಡಿದು ಮೋಟಾರಿಗೆ ಕಳಿಸುವುದು ಅವೇ. ವೈರನ್ನು ನೇರ ಆ ಪಟ್ಟಿಗೇ ಮುಟ್ಟಿಸಿದೆ. ಗುಂಯ್ ಅಂತು!

ಅಂದರೆ ಚಕ್ರಕ್ಕೂ ಪಟ್ಟಿಗೂ ನಡುವೆ ಏನೋ ಇದೆ. ಭೂತಗನ್ನಡಿ ಹಿಡಿದು ನೋಡಿದರೆ, ಆ್ಯಕ್ಸಲ್‌ಗೆ ಉದ್ದನೆಯ ಕೂದಲು ಸುತ್ತಿಕೊಂಡು ಪಟ್ಟಿಯನ್ನು ಚಕ್ರದಿಂದ ಆಚೆ ತಳ್ಳಿತ್ತು. ಮನೆಯಲ್ಲಿ ಅಷ್ಟು ಉದ್ದ ಕೂದಲು ಇರುವುದು ನನಗೊಬ್ಬಳಿಗೇ. ಚಿಮುಟದಲ್ಲಿ ಎಳೆದು ತೆಗೆದೆ. ಚಕ್ರದ ಅಂಚಿನಲ್ಲಿ ಕಪ್ಪು ಮೇಣದಂಥ ಕೊಳೆ ಬೇರೆ. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಹತ್ತಿಕಡ್ಡಿ. ಉಪ್ಪುಕಾಗದ ಮಾತ್ರ ಬೇಡವೇ ಬೇಡ. ಗೀರು ಬಿದ್ದರೆ ಕೊಳೆ ಅದರಲ್ಲೇ ಕೂತು ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

ಈಗ ಹಳಿ ಮೇಲೆ ಇಟ್ಟರೆ ಗುಂಯ್ ಅನ್ನುತ್ತದೆ, ಹೋಗುವುದಿಲ್ಲ. ಒಂದು ಕಾಯಿಲೆ ಹೋಗಿ ಇನ್ನೊಂದು ಸಿಕ್ಕಿತು. ಇಂಥ ಹೊತ್ತಲ್ಲಿ ನನಗೆ ಅಪ್ಪನೇ ಗತಿ. ನನಗೆ ರಾತ್ರಿ ಎಂಟೂವರೆ, ಅವರಿಗೆ ಸಂಜೆ ನಾಲ್ಕು, ಕಾಫಿ ಹೊತ್ತು. ವಿಡಿಯೊ ಕಾಲ್ ಮಾಡಿ ಫೋನನ್ನು ಡಬ್ಬಕ್ಕೆ ಒರಗಿಸಿ ಟ್ರಾಮ್ ತೋರಿಸಿದೆ.

"ಆಂಪ್ಸ್ ಎಷ್ಟು ತಗೊಳ್ತಾ ಇದೆ?"

"ನೋಡಿಲ್ಲ ಅಪ್ಪ."

"ಮೊದ್ಲು ಅದನ್ನ ನೋಡು. ವೋಲ್ಟ್ ನೋಡಿ ಎಂತ ಮಾಡ್ತೀಯ?"

ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಕಂಟ್ರೋಲರಿಂದ ಹಳಿಗೆ ಹೋಗುವ ಒಂದು ವೈರ್ ಬಿಚ್ಚಿ ಮೀಟರನ್ನು ನಡುವೆ ಸೇರಿಸಿದೆ. ಇಷ್ಟು ಚಿಕ್ಕ ಮೋಟಾರು ಆರಾಮಾಗಿ ಓಡುವಾಗ 0.1ರಿಂದ 0.2 ಆಂಪ್ ತೆಗೆದುಕೊಂಡರೆ ಸರಿ. ನನ್ನದು 0.6 ತೋರಿಸಿತು, ಅದೂ ನಿಂತಲ್ಲೇ.

"ಆಫ್ ಮಾಡು, ಆಫ್ ಮಾಡು! ವೈಂಡಿಂಗ್ ಸುಟ್ಟು ಹೋಗ್ತದೆ. ಬಾವಿ ಪಂಪ್‌ಸೆಟ್ ಜಾಮ್ ಆದಾಗ ಹೀಗೇ ಆಗೋದು. ಕರೆಂಟು ಎಳೀತದೆ, ನೀರು ಎತ್ತಲ್ಲ. ಕೈಯಲ್ಲಿ ತಿರುಗಿಸಿ ನೋಡು."

ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಆಂಪ್ ಸೊನ್ನೆ ಇದ್ದರೆ ಎಲ್ಲೋ ಸಂಪರ್ಕ ಕಡಿದಿದೆ. ಜಾಸ್ತಿ ಇದ್ದೂ ತಿರುಗದಿದ್ದರೆ ಯಾವುದೋ ಹಿಡಿದುಕೊಂಡಿದೆ. ಮಾಡೆಲ್ ರೈಲಿನವರಲ್ಲಿ ತುಂಬಾ ಜನ ಆಂಪ್ ನೋಡುವುದೇ ಇಲ್ಲ, ನನಗೆ ಇದು ಯಾವಾಗಲೂ ಸೋಜಿಗ. ನಾಲ್ಕು ಸ್ಕ್ರೂ ಬಿಚ್ಚುವ ಮೊದಲೇ ಅರ್ಧ ಉತ್ತರ ಅದರಲ್ಲಿ ಇರುತ್ತದೆ.

ಬಾಡಿ ತೆಗೆದೆ. ಮೋಟಾರಿನ ದಂಡಕ್ಕೆ ಒಂದು ಹಿತ್ತಾಳೆ ಚಕ್ರ ಇದೆ, ಫ್ಲೈವೀಲ್. ಅದನ್ನು ಬೆರಳಲ್ಲಿ ತಿರುಗಿಸಿದೆ. ತಿರುಗಿತು, ಆದರೆ ಗಟ್ಟಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸುತ್ತಿನಲ್ಲಿ ಒಂದೇ ಜಾಗದಲ್ಲಿ ಟಕ್ ಅಂತ ಸಿಕ್ಕಿಕೊಂಡರೆ ಗೇರಿನ ಹಲ್ಲಿನಲ್ಲಿ ಕಸ ಕೂತಿದೆ ಅಥವಾ ಗೇರು ಸೀಳಿದೆ. ಇಡೀ ಸುತ್ತಿನಲ್ಲಿ ಒಂದೇ ಸಮನೆ ಬಿಗಿ ಇದ್ದರೆ ಎಣ್ಣೆ ಅಥವಾ ಗ್ರೀಸ್ ಗಟ್ಟಿಯಾಗಿದೆ. ನನ್ನದು ಒಂದೇ ಸಮನೆ ಬಿಗಿ. ಮೋಟಾರಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವ, ಸ್ಕ್ರೂ ಆಕಾರದ ವರ್ಮ್ ಗೇರಿನ ಸಂದಿಯಲ್ಲಿ ಬೆಳ್ಳಗಿನ ಚೂರುಗಳು ಬೇರೆ ಕಂಡವು. ಹಳೇ ಗ್ರೀಸ್ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇದು ನೋಡಿದರೆ ಮೇಣದ ಹಾಗೆ ಬಿಳಿ.

ನಾನು ಈ ಕೆಲಸ ಮಾಡುವುದು ಹಿಂದಿನ ಕೋಣೆಯಲ್ಲಿ. ಅಲ್ಲಿ ಹೀಟರ್ ಇಲ್ಲ. ಜೂನ್ ಅಂದರೆ ಇಲ್ಲಿ ನಡು ಚಳಿಗಾಲ, ಗೋಡೆ ಮೇಲಿನ ಥರ್ಮಾಮೀಟರ್ 11 ಡಿಗ್ರಿ ತೋರಿಸುತ್ತಿತ್ತು. ಬಿಸಿ ಮಾಡಿ ನೋಡೋಣ ಅಂತ ಹೇರ್ ಡ್ರೈಯರ್ ತಂದೆ. ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿದೆ, ಹತ್ತಿರ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೆಳ್ಳಗಿದ್ದದ್ದು ನೋಡನೋಡುತ್ತಾ ನೀರಾಯಿತು. ಹಿಂದೆಯೇ ಒಂದು ವಾಸನೆ ಬಂತು. ಮೆಷಿನ್ ಆಯಿಲ್ ಅಲ್ಲ, ಗ್ರೀಸ್ ಅಲ್ಲ. ಕೊಬ್ಬರಿ ಎಣ್ಣೆ!

ಫೋನಿನ ಕಡೆ ತಿರುಗಿದೆ. ಅಪ್ಪ ಕಾಫಿ ಲೋಟ ಅಡ್ಡ ಹಿಡಿದಿದ್ದರು.

"ಅಪ್ಪ, ಇದಕ್ಕೆ ಕೊಬ್ರಿ ಎಣ್ಣೆ ಬಿಟ್ಟಿದ್ರಾ?"

"ಕಿರ್ ಕಿರ್ ಅಂತಿತ್ತು ಮಾರಾಯ್ತಿ. ನೀನು ಕೆಲಸಕ್ಕೆ ಹೋಗಿದ್ದೆ. ಬಚ್ಚಲಲ್ಲಿ ನೀಲಿ ಬಾಟ್ಲಿ ಇತ್ತು. ಎರಡೇ ಹನಿ."

"ಎರಡು ಹನಿ?"

"ಅವತ್ತು ಚೆನ್ನಾಗಿ ಓಡ್ತಲ್ಲ?"

ಓಡಿತ್ತು ನಿಜ. ಜನವರಿಯಲ್ಲಿ ಕೋಣೆ 30 ಡಿಗ್ರಿ ಇತ್ತು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು 24ರ ಆಸುಪಾಸಿನಲ್ಲಿ. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾ? ಡಿಸೆಂಬರ್ ಬೆಳಿಗ್ಗೆ ಎಣ್ಣೆ ಬಾಟ್ಲಿಯನ್ನು ಬಚ್ಚಲೊಲೆ ಕಟ್ಟೆ ಮೇಲಿಟ್ಟು ಕರಗಿಸಿಯೇ ತಲೆಗೆ ಹಚ್ಚುತ್ತಿದ್ದದ್ದು. ಬಾಗಿಲ ತಿರುಗಣಿಗೆ, ಬೀಗಕ್ಕೆ, ಹೊಲಿಗೆ ಮೆಷಿನ್ನಿಗೆ, ಎಲ್ಲದಕ್ಕೂ ನಮ್ಮನೆಯಲ್ಲಿ ಅದೇ ಎಣ್ಣೆ. ಆ ದಪ್ಪ ಕಬ್ಬಿಣಕ್ಕೆ ಅದು ಸಾಕು. ಕಿರುಬೆರಳ ತುದಿಯಷ್ಟು ಮೋಟಾರಿಗೆ ಹೆಪ್ಪುಗಟ್ಟಿದ ಎಣ್ಣೆ ಅಂದರೆ ಗೋಂದು ಸುರಿದ ಹಾಗೇ. ಚಳಿ ಇಲ್ಲದ ಊರಲ್ಲಿ ಈ ಟ್ರಾಮ್ ಇದ್ದಿದ್ದರೆ ವರ್ಷಗಟ್ಟಲೆ ಗೊತ್ತೇ ಆಗುತ್ತಿರಲಿಲ್ಲ.

ಬಿಸಿ ಆರುವ ಮೊದಲೇ ಹಳಿ ಮೇಲಿಟ್ಟೆ. ಹೊರಟೇ ಬಿಟ್ಟಿತು. ಅಪ್ಪ ಅಲ್ಲಿಂದಲೇ "ನೋಡು, ನೋಡು" ಅಂದರು, ತಾವೇ ರಿಪೇರಿ ಮಾಡಿದ ಹಾಗೆ.

ಆದರೆ ಹಾಗೇ ಬಿಡುವಂತಿಲ್ಲ. ಮಾರನೇ ದಿನ ಬೋಗಿ ಪೂರ್ತಿ ಬಿಚ್ಚಿದೆ. ಪ್ಲಾಸ್ಟಿಕ್ ಗೇರುಗಳನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದೆ. ಜಿಡ್ಡಿಗೆ ಇದಕ್ಕಿಂತ ಒಳ್ಳೆ ಮದ್ದಿಲ್ಲ, ಪ್ಲಾಸ್ಟಿಕ್‌ಗೂ ಏನೂ ಆಗುವುದಿಲ್ಲ. ಮೋಟಾರನ್ನು ಮಾತ್ರ ನೀರಿಗೆ ಹಾಕಲಿಲ್ಲ. ಎಣ್ಣೆ ಹರಿದು ಕಮ್ಯುಟೇಟರ್ ಮೇಲೆ, ಅಂದರೆ ಮೋಟಾರಿನ ಸುರುಳಿಗೆ ಕರೆಂಟು ಕೊಡುವ ತಾಮ್ರದ ಬಿಲ್ಲೆಗಳ ಮೇಲೆ ಕೂತಿತ್ತು, ಕಾರ್ಬನ್ ಬ್ರಶ್‌ನ ಪುಡಿ ಜೊತೆ ಸೇರಿ ಕಾಡಿಗೆ ತರ ಆಗಿತ್ತು. ಅದನ್ನು ಆಲ್ಕೋಹಾಲ್ ಹತ್ತಿಕಡ್ಡಿಯಲ್ಲಿ ಒರೆಸಿ, ತಾಮ್ರದ ನಡುವಿನ ಸಣ್ಣ ಗೀರುಗಳನ್ನು ಟೂತ್‌ಪಿಕ್‌ನಿಂದ ಕೆರೆದೆ. ಆ ಗೀರು ತುಂಬಿದರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಮೋಟಾರು ಸುಮ್ಮನೆ ಬಿಸಿಯಾಗುತ್ತದೆ. ಎಲ್ಲ ಒಣಗಿದ ಮೇಲೆ ವರ್ಮ್‌ಗೆ ಪ್ಲಾಸ್ಟಿಕ್‌ಗೆ ಒಗ್ಗುವ ಗ್ರೀಸ್ ಸಾಸಿವೆ ಕಾಳಷ್ಟು. ಮೋಟಾರಿನ ಎರಡು ಬೇರಿಂಗಿಗೆ ತೆಳು ಎಣ್ಣೆ, ಅದೂ ಸೂಜಿ ಮೊನೆಯಲ್ಲಿ ನಿಲ್ಲುವಷ್ಟೇ. ಬಾಟ್ಲಿಯಿಂದ ನೇರ ಬಿಟ್ಟರೆ ಯಾವ ಎಣ್ಣೆ ಆದರೂ ಜಾಸ್ತಿಯೇ.

ಅದೇ 11 ಡಿಗ್ರಿಯಲ್ಲಿ, 0.15 ಆಂಪ್. ಸರಾಗ.

ಬಿಚ್ಚಿದ ಮೇಲೆ ಇನ್ನೊಂದು ಕೆಲಸವನ್ನೂ ಮುಗಿಸಿದೆ. ಈ ಟ್ರಾಮ್‌ಗೆ ಮೊದಲಿಂದ ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ ದಾಟುವಾಗ ನಿಂತುಬಿಡುವ ಚಾಳಿ. ಎರಡು ಹಳಿ ಕೂಡುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ, ಅಲ್ಲಿ ಕರೆಂಟು ಇರುವುದಿಲ್ಲ. ಟ್ರಾಮ್ ಬೋಗಿ ಗಿಡ್ಡ, ಒಂದು ಬದಿಯ ಎರಡೂ ಚಕ್ರ ಒಟ್ಟಿಗೆ ಅದರ ಮೇಲೆ ಬಂದರೆ ಮುಗಿಯಿತು. ಬೆರಳಲ್ಲಿ ತಳ್ಳಬೇಕು. ಅದಕ್ಕೇ ಸುಮ್ನೆ ಉರುಳುತ್ತಿದ್ದ ಇನ್ನೊಂದು ಬೋಗಿಗೂ ಫಾಸ್ಫರ್ ಬ್ರಾಂಜ್ ತಂತಿಯ ಪಟ್ಟಿ ಮಾಡಿ ಕೂರಿಸಿದೆ, ಎರಡು ತೆಳು ವೈರ್ ಮೋಟಾರಿಗೆ ಎಳೆದೆ. ವೈರ್ ಮೆತ್ತಗಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಬೋಗಿ ತಿರುಗದೆ ಹಳಿ ತಪ್ಪುತ್ತದೆ. ಪಟ್ಟಿ ಚಕ್ರಕ್ಕೆ ಸವರಿದರೆ ಸಾಕು, ಒತ್ತಿದರೆ ಬ್ರೇಕ್ ಹಾಕಿದ ಹಾಗೆ. ಈಗ ಎಂಟು ಚಕ್ರದಿಂದ ಕರೆಂಟು ಬರುತ್ತಿದೆ. ಪಾಯಿಂಟ್ ಮೇಲೆ ಆಮೆಯಂತೆ ನಡೆಸಿದರೂ ನಿಲ್ಲುವುದಿಲ್ಲ.

ಒಂದು ಉಳಿದಿದೆ. ನಿಧಾನಕ್ಕೆ ಓಡುವಾಗ ಚಕ್ರದ ಪ್ರತಿ ಸುತ್ತಿಗೆ ಒಂದು ಟಿಕ್ ಕೇಳುತ್ತದೆ. ಆ್ಯಕ್ಸಲ್ ಗೇರು ಸೀಳು ಬಿಟ್ಟಿದೆ. ಪ್ಲಾಸ್ಟಿಕ್ ವರ್ಷ ಕಳೆದ ಹಾಗೆ ಕುಗ್ಗುತ್ತದೆ, ಒಳಗಿನ ಉಕ್ಕಿನ ಆ್ಯಕ್ಸಲ್ ಕುಗ್ಗುವುದಿಲ್ಲ. ಹಳೇ ಮಾಡೆಲ್‌ಗಳಲ್ಲಿ ಇದು ಮಾಮೂಲಿ. ಇಂಥ ಗೇರಿನ ಪ್ಲಾಸ್ಟಿಕ್‌ಗೆ ಗಮ್ಮು ಹಿಡಿಯುವುದಿಲ್ಲ, ಬದಲಿಸಲೇಬೇಕು. ಹಲ್ಲು ಎಣಿಸಿ, ಅಳತೆ ತೆಗೆದು, ಆರ್ಡರ್ ಹಾಕಿದ್ದೇನೆ. ಅಪ್ಪ ದಿನ ಬಿಟ್ಟು ದಿನ ಕೇಳುತ್ತಾರೆ, ಗೇರು ಬಂತಾ ಅಂತ. ಬರುವ ಡಿಸೆಂಬರಿಗೆ ಅವರು ಮತ್ತೆ ಬರುತ್ತಾರೆ. ಸೂಜಿ ಮೊನೆಯ ಎಣ್ಣೆ ಪೆನ್ನು ಒಂದನ್ನು ಈಗಲೇ ತಂದು ಟ್ರಾಮ್ ಡಬ್ಬದ ಮೇಲೆ ಅಂಟಿಸಿಟ್ಟಿದ್ದೇನೆ, ಅಪ್ಪನ ಹೆಸರು ಬರೆದು.